ಅರವತ್ತೆರಡನೆಯ ಪುಟ

ಫೆಬ್ರವರಿ 11

ಮಗಳಿಗೆ,

ನಾನು ಇಲ್ಲಿ ಗಟ್ಟಿಯಾಗಿದ್ದೇನೆ. ಮಂಡಿನೋವು ಇದೆ, ಅದೇನೂ ಹೊಸ ಸುದ್ದಿಯಲ್ಲ. ನೀನು ಮೂರು ತಿಂಗಳಿಂದ ಪತ್ರ ಹಾಕಿಲ್ಲ, ಅದೂ ಹೊಸ ಸುದ್ದಿಯಲ್ಲ. ಹೊಸ ಸುದ್ದಿ ಏನೆಂದರೆ, ನಿನ್ನ ಪುಸ್ತಕ ನನ್ನ ಕೈಗೆ ಸಿಕ್ಕಿತು.

ಕ್ಷೌರದಂಗಡಿಯಲ್ಲಿ ಸಿಕ್ಕಿತು. ನನಗಿಂತ ಮೊದಲು ಇಬ್ಬರು ಕಾಯುತ್ತಿದ್ದರು. ಬೆಂಚಿನ ಮೇಲೆ ಹಳೆಯ ವಾರಪತ್ರಿಕೆಗಳ ನಡುವೆ ಕೆಂಪು ರಟ್ಟಿನ ಪುಸ್ತಕವೊಂದಿತ್ತು: ‘ನಗೆಮಾರಿ’. ರಟ್ಟಿನ ಮೇಲೆ ಕಿವಿಯವರೆಗೆ ಬಾಯಿ ಹರಿದುಕೊಂಡ ಒಂದು ಮುಖ. ಬರೆದವನ ಹೆಸರು ಯಾವನೋ ಗಂಡಸಿನದು. “ಓದಿ ಸಾರ್, ನಾನು ಎರಡು ಸಲ ಓದಿದೀನಿ. ಓದಿದ್ಮೇಲೆ ಮೂರು ದಿನ ಕತ್ತಿ ಹಿಡಿಯೋಕೆ ಕೈಯೇ ಬರಲಿಲ್ಲ” ಎಂದ ಕ್ಷೌರದವನು, ಯಾರದೋ ಗಂಟಲ ಮೇಲೆ ಕತ್ತಿ ಇಟ್ಟುಕೊಂಡೇ.

ಹೊತ್ತು ಹೋಗಲೆಂದು ತೆರೆದೆ. ಹದಿನೇಳನೆಯ ಪುಟದಲ್ಲಿ ಒಬ್ಬ ಅಪ್ಪ ತನ್ನ ಮಗಳನ್ನು ‘ಇಲಿಬಾಲ’ ಎಂದು ಕರೆಯುತ್ತಾನೆ. ಜಡೆ ಅಷ್ಟು ಸಣ್ಣಗಿತ್ತು ಎಂಬ ಕಾರಣಕ್ಕೆ. ಈ ಲೋಕದಲ್ಲಿ ಆ ಹೆಸರಿನಿಂದ ಕರೆಸಿಕೊಂಡ ಹುಡುಗಿ ಒಬ್ಬಳೇ, ಕರೆದವನೂ ಒಬ್ಬನೇ. ಆಮೇಲೆ ನನ್ನ ಸರದಿ ಬಂದು ಹೋದದ್ದೂ ತಿಳಿಯಲಿಲ್ಲ. ಗಡ್ಡ ಬಿಟ್ಟುಕೊಂಡೇ ಪುಸ್ತಕ ಕೇಳಿ ಪಡೆದು ಮನೆಗೆ ಬಂದೆ.

ಮೊದಲು ನನ್ನ ಕಸುಬಿನ ಮಾತು. ಬೈಂಡಿಂಗ್ ಕೆಟ್ಟದಾಗಿದೆ. ಹೊಲಿಗೆ ಇಲ್ಲ, ಬರೀ ಅಂಟು. ಇನ್ನಿಬ್ಬರು ಓದುವಷ್ಟರಲ್ಲಿ ಹಾಳೆಗಳು ಕೈಗೆ ಬರುತ್ತವೆ. ಇನ್ನು ಅರವತ್ತೆರಡನೆಯ ಪುಟ. ಅಲ್ಲಿ ಕಾಗದ ಕತ್ತರಿಸುವ ಕಟಿಂಗ್ ಮಷೀನಿಗೆ ಒಬ್ಬನ ಕೈ ಸಿಗುತ್ತದಲ್ಲ, ಅದನ್ನು ನೀನು ತಪ್ಪು ಬರೆದಿದ್ದೀಯ. ಬ್ಲೇಡು ಸೀದಾ ಇಳಿಯುವುದಿಲ್ಲ. ಮೊದಲು ಒತ್ತುಹಲಗೆ ಇಳಿದು ಕಾಗದದ ಕಟ್ಟನ್ನು ಅದುಮಿ ಹಿಡಿಯುತ್ತದೆ, ಆಮೇಲೆ ಬ್ಲೇಡು. ರಕ್ತ ಕಾರಂಜಿಯ ಹಾಗೆ ಚಿಮ್ಮುವುದೂ ಇಲ್ಲ. ಮೊದಲ ಗಳಿಗೆ ಏನೂ ಬರುವುದಿಲ್ಲ. ಕಾಗದದ ಅಂಚು ಮಾತ್ರ ನಿಧಾನವಾಗಿ ಬಣ್ಣ ತಿರುಗುತ್ತದೆ. ಹಾಗೆಂದು ಕೇಳಿದ್ದೇನೆ.

ಇಂಥದ್ದನ್ನು ಯಾಕೆ ಬರೆಯುತ್ತೀಯ? ಕಾಸು ಕೊಟ್ಟು ಹೊಟ್ಟೆ ತೊಳಸಿಕೊಳ್ಳುವ ಹುಚ್ಚು ಜನಕ್ಕಾದರೂ ಯಾಕೆ?

ನಿನ್ನ ಅಪ್ಪ


ಮಾರ್ಚ್ 2

ಅಪ್ಪ,

ಸಿಕ್ಕಿಬಿದ್ದೆ. ಗಂಡಸಿನ ಹೆಸರು ಇಟ್ಟುಕೊಂಡು ಐದು ಪುಸ್ತಕ ದಾಟಿಸಿದ್ದೆ, ಕೊನೆಗೆ ಜಡೆ ಹಿಡಿದು ಎಳೆದಿರಿ.

ಯಾಕೆ ಬರೆಯುತ್ತೀಯ ಎಂದು ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲೂ ಕೇಳುತ್ತಾರೆ. ದಿನಕ್ಕೆ ನೂರು ಸೀಸೆ ರಕ್ತ ಪರೀಕ್ಷೆ ಮಾಡುವವಳು ಮನೆಗೆ ಹೋಗಿ ಮತ್ತೆ ಅದನ್ನೇ ಬರೆಯಬೇಕೇ ಎಂದು ನಗುತ್ತಾರೆ. ಸೀಸೆಯಲ್ಲಿರುವ ರಕ್ತಕ್ಕೆ ಬರೀ ಒಂದು ಸಂಖ್ಯೆ ಇರುತ್ತದೆ ಅಪ್ಪ. ಯಾರದು, ಯಾಕೆ ಬಂತು, ಏನೂ ಇರುವುದಿಲ್ಲ.

ಓದುವವರ ವಿಷಯ ಕೇಳಿದಿರಿ. ನನಗೆ ಪತ್ರಗಳು ಬರುತ್ತವೆ. ಒಬ್ಬ ಹೆಂಗಸಿನ ಗಂಡ ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದಾನೆ. ಬೆನ್ನಿನ ಹುಣ್ಣು ತೊಳೆಯುವುದು, ಹಾಸಿಗೆ ಬದಲಿಸುವುದು ಎಲ್ಲ ಅವಳೇ. ನೋಡಲು ಬಂದವರು ಬಾಗಿಲಲ್ಲೇ ನಿಂತು ‘ಎಲ್ಲಾ ಸರಿಹೋಗುತ್ತೆ’ ಎಂದು ಹೇಳಿ ಹೋಗುತ್ತಾರಂತೆ. ಮಧ್ಯಾಹ್ನ ಅವನು ಮಲಗಿದಾಗ ಅವಳು ನನ್ನ ಪುಸ್ತಕ ಓದುತ್ತಾಳೆ. ‘ಸಮಾಧಾನ ಹೇಳೋಕೆ ಬರದೇ ಇದ್ದದ್ದು ನಿಮ್ಮ ಪುಸ್ತಕ ಒಂದೇ’ ಎಂದು ಬರೆದಿದ್ದಳು. ಆ ಪತ್ರವನ್ನು ನಾನು ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ.

ಕಾರಂಜಿ ಪ್ರಕಾಶಕರ ಆಸೆ. ಒತ್ತುಹಲಗೆಯ ವಿಷಯ ನನಗೆ ಗೊತ್ತಿತ್ತು. ಬರೆಯಲು ಆಗಲಿಲ್ಲ.

ಮುಂದೆ ಓದಬೇಡಿ ಅಪ್ಪ. ಪುಸ್ತಕ ವಾಪಸು ಕೊಟ್ಟುಬಿಡಿ. ಮಂಡಿಗೆ ಬಿಸಿನೀರಿನ ಶಾಖ ಕೊಡಿ.

ನಿಮ್ಮ ಮಗಳು


ಮಾರ್ಚ್ 20

ಮಗಳೇ,

ಓದಬೇಡ ಎಂದರೆ ಯಾರು ಓದದೆ ಬಿಡುತ್ತಾರೆ? ಮುಗಿಸಿದೆ. ಮುಗಿಸಿ ಮತ್ತೆ ಮೊದಲಿನಿಂದ ಓದಿದೆ.

ಒಂದು ವಿಷಯ ಹೇಳಬೇಕು. ಊಟಕ್ಕೆ ಕೂತಾಗ, ಸೂಜಿಗೆ ದಾರ ಪೋಣಿಸುವಾಗ ನನ್ನ ಕೈ ನಡುಗುತ್ತದೆ, ನೀನು ನೋಡಿದ್ದೀಯ. ನಿನ್ನ ಪುಸ್ತಕ ಹಿಡಿದುಕೊಂಡಷ್ಟು ಹೊತ್ತು ನಡುಗಲಿಲ್ಲ. ಯಾಕೋ ತಿಳಿಯದು.

ಪುಸ್ತಕ ಹಿಂದಿರುಗಿಸಲು ಹೋದಾಗ ಕ್ಷೌರದವನು, “ಸಾರ್, ನಿಮ್ಮ ತಮ್ಮಂಗೂ ಪ್ರೆಸ್ಸಲ್ಲೇ ಅಲ್ವಾ ಕೈ ಹೋಗಿದ್ದು? ಅವರನ್ನ ನೋಡಿಯೇ ಬರೆದಂಗಿದೆ” ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು ನನಗೆ. ಪುಸ್ತಕ ಕೊಡದೆ ವಾಪಸು ಬಂದೆ. ಅವನಿಗೆ ಬೇರೆ ಪ್ರತಿ ಕೊಂಡು ಕೊಡಬೇಕು.

ನಿನ್ನ ಕಥೆಯಲ್ಲಿ ಆ ಮಾರಿ ಪ್ರತಿ ಸಲ ಕೊಲ್ಲುವ ಮುಂಚೆ ನಗುತ್ತದೆ. ಕಣ್ಣು ಮುಚ್ಚಿ, ಮೈ ಕುಲುಕಿಸಿ, ಕಣ್ಣಲ್ಲಿ ನೀರು ಬರುವಷ್ಟು. ಕೊಲ್ಲುವವರು ಹಾಗೆ ನಗುವುದಿಲ್ಲ ಮಗಳೇ. ಎರಡನೆಯ ಮುದ್ರಣವಾದರೆ ಆ ನಗು ತೆಗೆಸಿಬಿಡು.

ಅಪ್ಪ


ಮೇ 28

ಅಪ್ಪ,

ಎರಡು ತಿಂಗಳು ಸುಮ್ಮನಿದ್ದೆ. ಏಳು ಸಲ ಬರೆದು ಹರಿದು ಹಾಕಿದೆ. ಇದನ್ನು ಹರಿಯುವ ಮುಂಚೆ ಅಂಚೆ ಡಬ್ಬಿಗೆ ಹಾಕುತ್ತೇನೆ.

ನಗು ತೆಗೆಯಲು ಬರುವುದಿಲ್ಲ. ಅದು ನಾನು ಕಟ್ಟಿದ್ದಲ್ಲ, ನೋಡಿದ್ದು.

ನನಗೆ ಆಗ ಏಳು ವರ್ಷ. ಬೇಸಿಗೆ ರಜೆ. ಅಮ್ಮ ನಿಮಗೂ ಚಿಕ್ಕಪ್ಪನಿಗೂ ಊಟದ ಡಬ್ಬಿ ಕೊಟ್ಟು ಕಳಿಸಿದ್ದಳು. ಪ್ರೆಸ್ಸಿನ ಹಿಂಬಾಗಿಲಿನಿಂದ ಬಂದೆ. ಕಾಗದದ ರೀಮುಗಳ ಹಿಂದೆ ಅಡಗಿ ನಿಮ್ಮನ್ನು ಹೆದರಿಸಬೇಕೆಂದು ನಿಂತೆ. ಚಿಕ್ಕಪ್ಪ ಮಷೀನಿನ ಮೇಲೆ ಬಾಗಿದ್ದರು, ನೀವು ಹಿಡಿಕೆ ಹಿಡಿದಿದ್ದಿರಿ. ನೀವು ನಗುತ್ತಿದ್ದಿರಿ. ಕಣ್ಣು ಮುಚ್ಚಿ, ಮೈ ಕುಲುಕಿಸಿ. ನಗುತ್ತಲೇ ಎಳೆದಿರಿ.

ನಾನು ಡಬ್ಬಿ ಹಿಡಿದುಕೊಂಡೇ ಮನೆಗೆ ಓಡಿದೆ. “ಅಪ್ಪ ನಕ್ಕರು, ಚಿಕ್ಕಪ್ಪನ ಕೈ ಹೋಯ್ತು” ಎಂದೆ. ಅಮ್ಮ ನನ್ನ ಬಾಯಿ ಮುಚ್ಚಿದಳು. ಒದ್ದೆ ಕೈ, ಸೋಪಿನ ವಾಸನೆ. “ನೀನು ಏನೂ ನೋಡಿಲ್ಲ. ಇವತ್ತು ನೀನು ಪ್ರೆಸ್ಸಿಗೇ ಹೋಗಿಲ್ಲ. ಆಯ್ತಾ?” ಎಂದಳು. ಸಂಜೆ ನೆರೆಮನೆಯವರು ಬಂದಾಗ, “ಪಾಪ, ಮೈದುನ ತಾನೇ ಎಚ್ಚರ ಇಲ್ಲದೆ ಕೈ ಇಟ್ಟರಂತೆ” ಎಂದು ಹೇಳುತ್ತಿದ್ದಳು. ನಾನು ಅವಳ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಹನ್ನೊಂದನೆಯ ವಯಸ್ಸಿನಲ್ಲಿ ರದ್ದಿಯ ರಾಶಿಯಲ್ಲಿ ರಟ್ಟು ಹರಿದ ಒಂದು ಭಯಾನಕ ಪುಸ್ತಕ ಸಿಕ್ಕಿತು. ಕರುಳು, ಕೊಡಲಿ, ಬಾವಿಯಲ್ಲಿ ತಲೆ. ಓದಿ ವಾಂತಿ ಮಾಡಿಕೊಂಡೆ. ಆದರೆ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ಆ ಪುಸ್ತಕದಲ್ಲಿ ಯಾರೂ ಬಾಯಿ ಮುಚ್ಚಲಿಲ್ಲ ಅಪ್ಪ. ನೋಡು, ಇನ್ನೂ ಹತ್ತಿರ ಬಂದು ನೋಡು, ನೀನು ನೋಡಿದ್ದು ನಿಜ ಎನ್ನುತ್ತಿತ್ತು. ಮಿಕ್ಕವರು ಯಾಕೆ ಓದುತ್ತಾರೋ, ನಾನು ಓದಿದ್ದು ಅದಕ್ಕೆ. ಬರೆದದ್ದೂ ಅದಕ್ಕೇ.

ನಿಮಗೆ ಹೆದರುತ್ತಲೇ ಬೆಳೆದೆ. ನೀವು ಒಂದು ದಿನವೂ ನನಗೆ ಹೊಡೆದವರಲ್ಲ. ಆದರೂ ನಿಮ್ಮ ಪಕ್ಕ ಕೂತು ಉಣ್ಣುವಾಗ ನನ್ನ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದೆ. ಇಷ್ಟು ದೂರದಲ್ಲಿ ಕೆಲಸ ಹುಡುಕಿಕೊಂಡದ್ದೂ, ಅಮ್ಮ ಹೋದ ಮೇಲೆ ಬರುವುದನ್ನೇ ನಿಲ್ಲಿಸಿದ್ದೂ ಅದಕ್ಕೇ. ಒಂದೇ ಪ್ರಶ್ನೆ.

ನೀವು ಯಾಕೆ ನಕ್ಕಿರಿ?

ಮಗಳು


ಜೂನ್ 9

ಪತ್ರ ತಲುಪಿತು. ಉತ್ತರ ಬರೆಯುತ್ತೇನೆ. ಸ್ವಲ್ಪ ಸಮಯ ಕೊಡು.

ಅಪ್ಪ


ಜುಲೈ 30

ಮಗಳೇ,

ಕೆಳಗಿನ ದರ್ಜಿ ಎರಡು ಸಲ ಮೇಲೆ ಬಂದು ನೋಡಿ ಹೋದ, ನಾನು ಸತ್ತಿದ್ದೇನೋ ಬದುಕಿದ್ದೇನೋ ಎಂದು. ಬೈಂಡಿಂಗ್ ಕೆಲಸ ತೆಗೆದುಕೊಂಡಿಲ್ಲ. ಕೂತಿದ್ದೇನೆ.

ನೀನು ಅಲ್ಲಿದ್ದೆ ಎಂಬುದು ನನಗೆ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಿಮ್ಮಮ್ಮನಿಗೆ ಗೊತ್ತಿತ್ತು ಎಂಬುದು ಗೊತ್ತಿರಲಿಲ್ಲ. ಹದಿನೆಂಟು ವರ್ಷ ಒಂದೇ ಕೋಣೆಯಲ್ಲಿ ಮಲಗಿದೆವು. ಬಟ್ಟೆ ಒಗೆದಳು, ಅನ್ನ ಬಡಿಸಿದಳು, ಜ್ವರ ಬಂದರೆ ಹಣೆ ಮುಟ್ಟಿ ನೋಡಿದಳು. ಒಂದು ಮಾತು ಕೇಳಲಿಲ್ಲ. ಸಾಯುವ ಮುಂಚಿನ ವಾರ, “ಒಂದ್ಸಲ ನಿಮ್ಮ ತಮ್ಮನನ್ನ ನೋಡ್ಕೊಂಡು ಬನ್ನಿ” ಎಂದಿದ್ದಳು. ನಾನು ಹ್ಞೂಗುಟ್ಟಿದೆ, ಹೋಗಲಿಲ್ಲ.

ನೀನು ಕೇಳಿದ್ದಕ್ಕೆ ಬರುತ್ತೇನೆ. ಶಾಲೆ ತೆರೆಯುವ ಮುಂಚಿನ ವಾರ ಅದು. ನೋಟ್‌ಬುಕ್ಕುಗಳು ಗುಡ್ಡೆ ಬಿದ್ದಿದ್ದವು. ಮಷೀನಿಗೆ ಒಬ್ಬನೇ ನಿಲ್ಲಬೇಕು ಎಂಬುದು ನಿಯಮ. ಬೇಗ ಆಗಲೆಂದು ನಾವು ಇಬ್ಬರು ನಿಂತಿದ್ದೆವು. ಕಟ್ಟು ಜೋಡಿಸುವುದು ಅವನು, ಹಿಡಿಕೆ ಎಳೆಯುವುದು ನಾನು. ಜೋಡಿಸಿ ಕೈ ತೆಗೆದ ಮೇಲೆ ಅವನು “ಹ್ಞೂ” ಎನ್ನಬೇಕು, ನಾನು ಎಳೆಯಬೇಕು. ಬೆಳಗಿನಿಂದ ಇನ್ನೂರು ಸಲ ಹಾಗೇ ಮಾಡಿದ್ದೆವು.

ನಿನ್ನ ಚಿಕ್ಕಪ್ಪ ಯಾರನ್ನಾದರೂ ಅಣಕಿಸಿದರೆ ಸತ್ತವನೂ ಎದ್ದು ಕೂತು ನಗಬೇಕು. ಆ ದಿನ ಪ್ರೆಸ್ಸಿನ ಸಾಹುಕಾರರು ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಇಡೀ ಪ್ರೆಸ್ಸು ಹುಡುಕಿಸಿದ್ದರು. ಇವನು ಕಟ್ಟು ಜೋಡಿಸುತ್ತಲೇ ಅವರ ದನಿ ತೆಗೆದ. “ಹ್ಞೂ... ಎಲ್ಲಯ್ಯಾ ನನ್ನ ಕನ್ನಡಕ? ಕನ್ನಡಕ ಇಲ್ಲದೆ ಕನ್ನಡಕ ಹೆಂಗಯ್ಯಾ ಹುಡುಕಲಿ?” ನನಗೆ ನಗು ತಡೆಯಲಾಗಲಿಲ್ಲ. ಕಣ್ಣು ಮುಚ್ಚಿಹೋಯಿತು. ಸಾಹುಕಾರರ ದನಿಯಲ್ಲೇ ಮತ್ತೊಮ್ಮೆ “ಹ್ಞೂ” ಎಂದ. ನನ್ನ ಕೈಗೆ ಆ ಒಂದು ಅಕ್ಷರ ಮಾತ್ರ ಕೇಳಿಸಿತು. ಎಳೆಯಿತು.

ನಕ್ಕದ್ದು ಅದಕ್ಕೆ. ನಾನು ನನ್ನ ತಮ್ಮನ ತಮಾಷೆಗೆ ನಗುತ್ತಿದ್ದೆ ಮಗಳೇ. ಅವನನ್ನು ಕಂಡರೆ ನನಗೆ ಪ್ರಾಣ.

ಇಲ್ಲಿಗೆ ನಿಲ್ಲಿಸಿದರೆ ನೀನು ನನ್ನನ್ನು ಕ್ಷಮಿಸಿಬಿಡುತ್ತೀಯ. ನಿಲ್ಲಿಸಬಾರದು. ಸಾಹುಕಾರರು ಓಡಿಬಂದು “ಯಾರಯ್ಯಾ ಎಳೆದಿದ್ದು?” ಎಂದರು. ಅವನಿಗೆ ಇನ್ನೂ ಪ್ರಜ್ಞೆ ಇತ್ತು. ನನ್ನನ್ನೇ ನೋಡುತ್ತಿದ್ದ. ನಾನು “ಅವನೇ” ಎಂದೆ.

ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಿತ್ತು. ಆದರೆ ಮರುದಿನ ‘ತನ್ನದೇ ಎಚ್ಚರಗೇಡಿತನದಿಂದ’ ಎಂದು ಬರೆದ ಕಾಗದಕ್ಕೆ ಸಾಕ್ಷಿ ಎಂದು ಸಹಿ ಹಾಕಿದೆನಲ್ಲ, ಅದು ಯೋಚಿಸಿಯೇ. ಸೂಜಿಯಿಂದ ಹಿಡಿದು ಬ್ಲೇಡಿನವರೆಗೆ ಎಲ್ಲಕ್ಕೂ ನಾನೇ ಜವಾಬ್ದಾರ ಎಂದು ಹೇಳಿಸಿಕೊಂಡ ಫೋರ್‌ಮನ್ ಆಗಿದ್ದೆ. ಕೆಲಸ ಹೋಗುತ್ತಿತ್ತು. ನೀನು, ನಿಮ್ಮಮ್ಮ ಎಂದು ನೆಪ ಹೇಳಬಹುದು. ಹೆದರಿದೆ, ಅಷ್ಟೇ. ಅವನು ಆಸ್ಪತ್ರೆಯಿಂದ ಹೊರಬಂದು ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ. ಯಾರ ಮುಂದೆಯೂ ನನ್ನ ಹೆಸರು ಹೇಳಲಿಲ್ಲ. ಇಪ್ಪತ್ತನಾಲ್ಕು ವರ್ಷ.

ನಿನ್ನ ಅರವತ್ತೆರಡನೆಯ ಪುಟ ಓದುವಾಗ ಕೈ ಯಾಕೆ ನಡುಗಲಿಲ್ಲ ಎಂದು ಈಗ ತಿಳಿಯುತ್ತದೆ. ಆ ಗಳಿಗೆಯನ್ನು ದಿನವೂ ಒಬ್ಬನೇ ನೋಡುತ್ತಿದ್ದೆ. ಅಲ್ಲಿ ಪಕ್ಕದಲ್ಲಿ ಇನ್ನೊಬ್ಬರು ನಿಂತು ನೋಡುತ್ತಿದ್ದರು.

ಅಪ್ಪ


ಆಗಸ್ಟ್ 19

ಅಪ್ಪ,

ನಿಮ್ಮ ಪತ್ರವನ್ನು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಓದಿದೆ. ಜೊತೆಯವಳು ಬಂದು “ಯಾರಾದ್ರೂ ಹೋದ್ರಾ?” ಎಂದು ಕೇಳಿದಳು. “ಹೌದು” ಎಂದೆ. ಅದು ಸುಳ್ಳೂ ಅಲ್ಲ. ಇಷ್ಟು ವರ್ಷ ನನ್ನ ಜೊತೆಗಿದ್ದ ಒಬ್ಬ ರಾಕ್ಷಸ ಹೋದ. ಅವನಿದ್ದ ಜಾಗದಲ್ಲಿ ಹೆದರಿ ಸುಳ್ಳು ಹೇಳಿದ ಒಬ್ಬ ಸಾಮಾನ್ಯ ಮನುಷ್ಯ ನಿಂತಿದ್ದಾನೆ. ಅವನನ್ನು ಹೇಗೆ ನೋಡಬೇಕೋ ನನಗಿನ್ನೂ ಗೊತ್ತಿಲ್ಲ. ರಾಕ್ಷಸನಾದರೆ ರೂಢಿಯಾಗಿತ್ತು.

ಹೊಸ ಪುಸ್ತಕ ಅರ್ಧಕ್ಕೆ ನಿಂತಿದೆ. ಬರೆಯಲು ಕೂತರೆ ಮಾರಿ ಬರುತ್ತಿಲ್ಲ, ನನ್ನ ಬಾಯಿ ಮುಚ್ಚಿದ ಅಮ್ಮ ಬರುತ್ತಾಳೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವಳಿಲ್ಲ.

ಕ್ಷಮಿಸುವ ಮಾತು ನನ್ನಿಂದ ಕೇಳಬೇಡಿ. ಆ ಕೈ ನನ್ನದಲ್ಲ. ಅದು ಯಾರದೋ ಅವರಲ್ಲಿಗೆ ಹೋಗಿ. ಚಿಕ್ಕಪ್ಪ ಒಂದು ಶಾಲೆಯಲ್ಲಿ ಗಂಟೆ ಹೊಡೆಯುವ ಕೆಲಸ ಮಾಡುತ್ತಾರೆ. ಹುಡುಕಿಸಿದೆ. ವಿಳಾಸ ಹಿಂಬದಿಯಲ್ಲಿದೆ.

ಮಗಳು


ಅಕ್ಟೋಬರ್ 5

ಮಗಳೇ,

ಹೋಗಿ ಬಂದೆ.

ಶಾಲೆಯ ಹಿಂದೆ ಎರಡು ಕೋಣೆಯ ಮನೆ. ಬಾಗಿಲು ತೆರೆದವನು ಅವನೇ. ಕೂದಲು ನನಗಿಂತ ಬೆಳ್ಳಗಾಗಿದೆ. ಬಲಗೈಯನ್ನು ಟವೆಲ್ಲಿನೊಳಗೆ ಸುತ್ತಿಕೊಂಡಿದ್ದ. “ಅಣ್ಣ” ಎಂದ, ಅಷ್ಟೇ. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಾನೇ ಒಳಗೆ ಹೋದೆ.

ನಿನ್ನ ಚಿಕ್ಕಮ್ಮ ಟೀ ತಂದಿಟ್ಟಳು. ಅವನು ಎಡಗೈಯಿಂದ ಲೋಟ ಎತ್ತುವಾಗ ಸ್ವಲ್ಪ ಚೆಲ್ಲಿತು. “ನೋಡಿ ಭಾವ, ಇಷ್ಟು ವರ್ಷ ಆದ್ರೂ ಇವರಿಗೆ ಎಚ್ಚರ ಅನ್ನೋದೇ ಬರಲಿಲ್ಲ. ಎಚ್ಚರ ಇದ್ದಿದ್ರೆ ಕೈಯಾದ್ರೂ ಉಳೀತಿತ್ತು” ಎಂದಳು. ನಗುತ್ತಲೇ ಹೇಳಿದಳು, ದಿನವೂ ಹೇಳುವ ಮಾತಿನ ಹಾಗೆ. ಅವನೂ ದಿನವೂ ಕೇಳುವ ಮಾತಿನ ಹಾಗೆ ಲೋಟ ಒರೆಸಿಕೊಂಡ.

ನಾನು ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಹೋಗಿದ್ದೆ. ಎಲ್ಲ ಮರೆತು, “ಅವನು ಕೈ ಇಟ್ಟಿದ್ದು ಸರಿಯಾಗೇ ಇತ್ತು ಕಣಮ್ಮ. ಎಳೆದಿದ್ದು ನಾನು. ಸುಳ್ಳು ಹೇಳಿದ್ದೂ ನಾನು” ಎಂದುಬಿಟ್ಟೆ.

ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದವಳು ಹಾಗೇ ನಿಂತಳು. ಆಮೇಲೆ ಗಂಡನ ಕಡೆ ತಿರುಗಿ, “ಒಂದು ಲೋಟ ಒಡೆದ್ರೆ, ಒಂದು ಬಾಗಿಲು ತೆರೆದಿಟ್ರೆ ಎಚ್ಚರಗೇಡಿ ಅಂತ ಬೈದೆನಲ್ಲ ನಾನು. ಮಗನ ಮುಂದೆ ಬೈದೆ. ನನ್ನ ತವರಿನವರ ಮುಂದೆ ಬೈದೆ. ಒಂದ್ಸಲನಾದ್ರೂ ಬಾಯಿ ಬಿಡಬಾರ್ದಿತ್ತಾ ನೀವು?” ಎಂದಳು. “ಹೋಗಿ ಭಾವ” ಎಂದು ನನಗೆ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವ ಸದ್ದು ಬರಲಿಲ್ಲ. ಪಾತ್ರೆ ತೊಳೆಯುವ ಸದ್ದು ಬಂತು.

ಅವನು ಬಸ್ ನಿಲ್ದಾಣದವರೆಗೆ ಜೊತೆಗೆ ಬಂದ. ಬಸ್ಸು ಬಂದಾಗ ಹೇಳಿದ, “ಯಾಕಣ್ಣ ಹೇಳಿದೆ? ನಂಗೆ ಅಭ್ಯಾಸ ಆಗಿಹೋಗಿತ್ತು. ಇನ್ನು ಅವಳು ಅಭ್ಯಾಸ ಮಾಡ್ಕೋಬೇಕು.”

ನಿಜ ಹೇಳಿದರೆ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯುತ್ತದೆ ಮಗಳೇ, ಆದರೆ ನೆಲಕ್ಕಲ್ಲ, ಇನ್ನೊಬ್ಬರ ತಲೆಗೆ.

ನಿನ್ನ ಪುಸ್ತಕವನ್ನು ಚೀಲದಲ್ಲಿ ಒಯ್ದಿದ್ದೆ. ಅವನಿಗೆ ತೋರಿಸಬೇಕೆಂದಿತ್ತು. ಅವರ ಬೆಂಚಿನ ಮೇಲೆ ಬಿಟ್ಟು ಬಂದಿದ್ದೇನೆ. ಬೇಕೆಂದೇ ಬಿಟ್ಟೆನೋ ಮರೆತೆನೋ ನನಗೇ ಗೊತ್ತಿಲ್ಲ.

ಅಪ್ಪ


ನವೆಂಬರ್ 23

ಮಗು,

ನಾನು ನಿನ್ನ ಚಿಕ್ಕಮ್ಮ. ಚಿಕ್ಕವಳಿದ್ದಾಗ ನೀನು ನನ್ನ ಮದುವೆಯ ಬಳೆ ಕೇಳಿ ಅತ್ತವಳು. ನೆನಪಿದೆಯೋ ಇಲ್ಲವೋ.

ನಿಮ್ಮಪ್ಪ ಬಿಟ್ಟುಹೋದ ಪುಸ್ತಕ ಓದಿದೆ. ಅದರೊಳಗೆ ನೀನು ಇಲ್ಲಿಯ ವಿಳಾಸ ಬರೆದು ಕಳಿಸಿದ ಪತ್ರವಿತ್ತು, ಪುಸ್ತಕ ನಿನ್ನದೆಂದು ತಿಳಿದದ್ದೂ ನಿನ್ನ ವಿಳಾಸ ಸಿಕ್ಕಿದ್ದೂ ಅದರಿಂದ. ನಿನ್ನ ಚಿಕ್ಕಪ್ಪ ಬೇಡ ಎಂದರು. ಇಂಥ ಪುಸ್ತಕ ಜನ್ಮದಲ್ಲಿ ಮುಟ್ಟಿದವಳಲ್ಲ ನಾನು. ರಟ್ಟು ನೋಡಿಯೇ ಅದರ ಮೇಲೆ ಟವೆಲು ಮುಚ್ಚಿಟ್ಟಿದ್ದೆ. ಒಂದು ವಾರ ಹಾಗೇ ಇತ್ತು. ಆಮೇಲೆ ಒಂದು ಮಧ್ಯಾಹ್ನ ಅವರು ಶಾಲೆಗೆ ಹೋದಾಗ ತೆಗೆದೆ.

ಕಟಿಂಗ್ ಮಷೀನು ಬರುವ ಪುಟ ಓದುವಾಗ ಎದ್ದು ಹೋಗಿ ನೀರು ಕುಡಿದು ಬಂದೆ. ಮತ್ತೆ ಓದಿದೆ. ಬೈದುಕೊಂಡೆ ನಿನ್ನನ್ನು. ಮತ್ತೆ ಓದಿದೆ. ಇಪ್ಪತ್ತನಾಲ್ಕು ವರ್ಷ ಆ ಕೈಗೆ ಎಣ್ಣೆ ಹಚ್ಚಿದ್ದೇನೆ, ಚಳಿಗೆ ಬಟ್ಟೆ ಸುತ್ತಿದ್ದೇನೆ. ಅದು ಹೇಗಾಯಿತು ಎಂದು ಒಂದು ದಿನ ಕಣ್ಣಿಗೆ ತಂದುಕೊಂಡಿರಲಿಲ್ಲ. ತಂದುಕೊಳ್ಳಲು ಧೈರ್ಯವಿರಲಿಲ್ಲ, ಅದಕ್ಕೇ ಬೈಯುತ್ತಿದ್ದೆನೋ ಏನೋ.

ಸಂಜೆ ಅವರು ಬಂದ ಮೇಲೆ ಆ ಪುಟವನ್ನು ಗಟ್ಟಿಯಾಗಿ ಓದಿ ಹೇಳಿದೆ. ನಿಲ್ಲಿಸು ಎನ್ನುತ್ತಾರೆ ಎಂದುಕೊಂಡೆ. ಎನ್ನಲಿಲ್ಲ. ಮುಗಿದ ಮೇಲೆ, “ಇದರಲ್ಲಿ ನಾನು ಕಿರುಚಿದೆ ಅಂತ ಬರೆದಿದ್ದಾಳೆ. ನಾನು ಕಿರುಚಲಿಲ್ಲ ಕಣೇ. ಕಿರುಚಿದ್ದು ಅಣ್ಣ. ಅಂಥ ಕೂಗು ನಾನು ಮತ್ತೆಲ್ಲೂ ಕೇಳಿಲ್ಲ” ಎಂದರು. ಆಮೇಲೆ ಒಂದೊಂದಾಗಿ ಹೇಳಿದರು, ಆ ದಿನದ್ದು, ಆಸ್ಪತ್ರೆಯದು, ಆ ಬೆರಳುಗಳನ್ನು ಏನು ಮಾಡಿದರು ಎಂಬುದು. ಅಡುಗೆ ಆಗಲಿಲ್ಲ ಅವತ್ತು. ನಾನು ಅವರ ಕಾಲು ಹಿಡಿಯಲು ಹೋದೆ, ಅವರು ಬಿಡಲಿಲ್ಲ. ಟವೆಲು ಬಿಚ್ಚಿ ಆ ಕೈಯನ್ನು ನನ್ನ ಮಡಿಲಲ್ಲಿ ಇಟ್ಟರು.

ನಿಮ್ಮಪ್ಪನಿಗೆ ನಾನು ಬರೆಯುವುದಿಲ್ಲ, ನೀನೇ ತಿಳಿಸು. ಇವರು ಅಣ್ಣನನ್ನು ನೋಡಬೇಕು ಎನ್ನುತ್ತಿದ್ದಾರೆ. ಬರುವುದಾದರೆ ಭಾನುವಾರ ಮಧ್ಯಾಹ್ನದ ಊಟಕ್ಕೆ ಬರಲಿ. ಎಲ್ಲರಿಗೂ ಬಡಿಸುವ ಹಾಗೆ ಬಡಿಸುತ್ತೇನೆ, ಎರಡನೆಯ ಸಲವೂ ಕೇಳಿ ಬಡಿಸುತ್ತೇನೆ. ಮಾತಾಡಿಸು ಎಂದು ಮಾತ್ರ ಯಾರೂ ನನಗೆ ಹೇಳಬಾರದು.

ನಿನ್ನ ಚಿಕ್ಕಮ್ಮ